ಬಡಾವಣೆಯ ಮನವಿ, ನಗರಸಭೆಯ ಕಡತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಳೆ ಬಂದರೆ ನಮ್ಮ ಬೀದಿಯ ಚರಂಡಿ ಉಕ್ಕಿ ನೀರೆಲ್ಲ ರಸ್ತೆಗೆ ಬರುತ್ತದೆ. ಬೀದಿದೀಪ ಉರಿಯುತ್ತಿಲ್ಲ, ಕಸದ ಗಾಡಿಗೂ ಹೊತ್ತುಗೊತ್ತಿಲ್ಲ. ಎಲ್ಲವನ್ನೂ ಸೇರಿಸಿ, ಬೀದಿಯವರೆಲ್ಲ ಸಹಿ ಹಾಕಿ ಒಂದು ಮನವಿ ಬರೆದಿದ್ದೇವೆ. ಯಾರಿಗೆ ಕೊಡಬೇಕು?
— ನಿವಾಸಿಗಳು, ಚಿಕ್ಕಮಗಳೂರು

ಉತ್ತರ: ಕೊಡುವ ಮುಂಚೆ ಆ ಮನವಿಯನ್ನು ಮೂರಾಗಿ ಒಡೆಯಿರಿ. ಚರಂಡಿ ಎಂಜಿನಿಯರಿಂಗ್ ಶಾಖೆಯ ಕೆಲಸ, ಕಸ ಆರೋಗ್ಯ ಶಾಖೆಯದು. ಮೂರೂ ಒಂದೇ ಹಾಳೆಯಲ್ಲಿದ್ದರೆ ಆ ಹಾಳೆ ಯಾವುದೋ ಒಂದು ಮೇಜಿನ ಕಡತಕ್ಕೆ ಸೇರಿ, ಉಳಿದ ಎರಡು ವಿಷಯ ಅಲ್ಲೇ ಉಳಿದುಬಿಡುತ್ತವೆ. ದೀಪದ ವಿಚಾರದಲ್ಲಿ ಇನ್ನೂ ಒಂದು ಕವಲಿದೆ. ಕಂಬ, ತಂತಿ ವಿದ್ಯುತ್ ಕಂಪನಿ ಮೆಸ್ಕಾಂನವು. ದೀಪ, ಅದರ ನಿರ್ವಹಣೆ ನಗರಸಭೆಯವು. ಒಂದೋ ಎರಡೋ ದೀಪ ಕೆಟ್ಟಿದ್ದರೆ ಕಂಬದ ಸಂಖ್ಯೆ ಬರೆದು ನಗರಸಭೆಗೆ ಕೊಡಿ. ಸಾಲಿಗೆ ಸಾಲೇ ಆರಿದ್ದರೆ ತಂತಿಯಲ್ಲೇ ದೋಷವಿರಬಹುದು, ಮೊದಲು ಮೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ರಸ್ತೆ ಯಾರದು ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಉದಾಹರಣೆಗೆ, ಕೆ.ಎಂ. (ಕಡೂರು–ಮಂಗಳೂರು) ರಸ್ತೆ ರಾಷ್ಟ್ರೀಯ ಹೆದ್ದಾರಿ. ಅದರ ಅಂಚಿನ ಚರಂಡಿಯ ದೂರು ಹೆದ್ದಾರಿ ವಿಭಾಗಕ್ಕೂ ಹೋಗಬೇಕು.

ಇನ್ನು ಚರಂಡಿ. ನೀರು ಉಕ್ಕುವ ಜಾಗ ಒಂದು ಕಡೆ, ಕಟ್ಟಿಕೊಂಡಿರುವ ಜಾಗ ಇನ್ನೊಂದು ಕಡೆ ಇರುತ್ತದೆ. ಉಕ್ಕುವಲ್ಲಿಂದ ಇಳಿಜಾರಿನತ್ತ ನಡೆದು ನೋಡಿ. ಹೆಚ್ಚಿನ ಸಲ ಅಡಚಣೆ ಸಿಗುವುದು ಯಾವುದೋ ಮನೆಯ ಗೇಟಿನೆದುರು ಕಾರು ಹತ್ತಿಸಲು ಹಾಕಿದ ಕಾಂಕ್ರೀಟ್ ಚಪ್ಪಡಿಯ ಕೆಳಗೆ, ಅಥವಾ ರಸ್ತೆ ದಾಟುವ ಮೋರಿಯಲ್ಲಿ. ತೆಗೆಯಲಾಗದಂತೆ ಗಾರೆ ಹಾಕಿ ಕೂರಿಸಿದ ಚಪ್ಪಡಿಯ ಅಡಿ ಪೌರಕಾರ್ಮಿಕರ ಸಲಿಕೆ ಹೋಗುವುದಿಲ್ಲ. ಇದನ್ನು ನೆರೆಹೊರೆಯಲ್ಲೇ ಮಾತಾಡಿ ಸರಿಮಾಡಿಕೊಂಡ ಮೇಲೆ ಮನವಿ ಬರೆಯಿರಿ. ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರ್ ಮೊದಲು ನೋಡುವುದೂ ಅದನ್ನೇ. ತಾರಸಿಯ ಮಳೆನೀರನ್ನು ಯುಜಿಡಿಗೆ (ಒಳಚರಂಡಿಗೆ) ಬಿಟ್ಟ ಮನೆಗಳಿದ್ದರೆ ಅವನ್ನೂ ತಪ್ಪಿಸಿ. ಯುಜಿಡಿ ಕೊಳವೆಗಳನ್ನು ಮನೆಯ ಬಳಕೆ ನೀರಿನ ಲೆಕ್ಕಕ್ಕೆ ಹಾಕಿರುತ್ತಾರೆ. ಮಲೆನಾಡಿನ ಮಳೆ ಅದರೊಳಗೆ ನುಗ್ಗಿದರೆ ತಗ್ಗಿನಲ್ಲಿರುವ ಮನೆಯವರ ಬಾಗಿಲಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ.

ಮನವಿಯಲ್ಲಿ ಅಳತೆ ಇರಲಿ. ‘ಚರಂಡಿ ತುಂಬಿದೆ’ ಎನ್ನುವುದಕ್ಕಿಂತ ‘ಎರಡು ಅಡಿ ಆಳದ ಚರಂಡಿಯಲ್ಲಿ ಒಂದೂಕಾಲು ಅಡಿ ಹೂಳಿದೆ, ಇಂಥ ಮನೆಯಿಂದ ಇಂಥ ಮೋರಿಯವರೆಗೆ 60 ಮೀಟರ್’ ಎಂದು ಬರೆಯುವುದು ಮೇಲು. ಒಂದು ಕೋಲು, ಒಂದು ಟೇಪು ಸಾಕು. ಮಳೆ ಸುರಿಯುವಾಗಲೇ ತೆಗೆದ ಫೋಟೊ ಲಗತ್ತಿಸಿ. ತೆಗೆದ ಹೂಳನ್ನು ಅಂಚಿನಲ್ಲೇ ಬಿಡದೆ ಸಾಗಿಸಬೇಕೆಂದು ಮನವಿಯಲ್ಲೇ ಕೇಳಿ. ಹಾಗೇ ಬಿಟ್ಟರೆ ಮುಂದಿನ ಮಳೆಗೆ ಅದೇ ಹೂಳು ಮತ್ತೆ ಒಳಗಿರುತ್ತದೆ.

ಪತ್ರ ಪೌರಾಯುಕ್ತರ ಹೆಸರಿಗಿರಲಿ, ಅದರ ಒಂದು ನಕಲು ನಿಮ್ಮ ವಾರ್ಡ್ ಸದಸ್ಯರಿಗೆ. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಡಳಿತಾಧಿಕಾರಿಗೆ. ಅದನ್ನು ಅಧಿಕಾರಿಯ ಕೈಗೆ ಕೊಟ್ಟು, ಫೋಟೊ ತೆಗೆಸಿಕೊಂಡು ಬರಬೇಡಿ. ಟಪಾಲು ಶಾಖೆಗೆ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಮೂರೂ ಬೀಳಲಿ. ಮೊಹರು ಬಿದ್ದು ಸಂಖ್ಯೆ ಬರೆಯದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ, ಏಕೆಂದರೆ ಆಮೇಲೆ ಪತ್ರವನ್ನು ಹುಡುಕುವುದು ಆ ಸಂಖ್ಯೆಯಿಂದಲೇ. ಹದಿನೈದು ದಿನ ಬಿಟ್ಟು ಆ ಸಂಖ್ಯೆ ಹಿಡಿದು ಯಾವ ವಿಷಯ ನಿರ್ವಾಹಕರ ಬಳಿ ಇದೆಯೆಂದು ವಿಚಾರಿಸಿ. ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಹಿಂಬರಹ ಕೇಳಿ. ಕಾರಣ ಬರಹದಲ್ಲಿದ್ದರೆ ಮೇಲಿನವರಿಗೆ ಹೋಗಲು ದಾರಿಯಾಗುತ್ತದೆ. ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸುವಾಗಲೂ ಇದೇ ಆವಕ ಸಂಖ್ಯೆ ಹೇಳಿ.

ಹೊತ್ತು ಬಹಳ ಮುಖ್ಯ. ಹೂಳೆತ್ತುವ ಮನವಿ ಮಾರ್ಚ್–ಏಪ್ರಿಲ್‌ನಲ್ಲೇ ಹೋಗಬೇಕು. ಜೂನ್ ಮೊದಲ ವಾರ ಮುಂಗಾರು ಹಿಡಿದ ಮೇಲೆ ಊರಿನ ಎಲ್ಲ ಬೀದಿಯಿಂದಲೂ ದೂರು ಬರುತ್ತಿರುತ್ತದೆ, ಇರುವ ಜನ, ಯಂತ್ರ ಅಷ್ಟೇ. ಹೊಸ ಚರಂಡಿ ಬೇಕೆಂದಿದ್ದರೆ ಲೆಕ್ಕವೇ ಬೇರೆ. ಅದು ಕ್ರಿಯಾ ಯೋಜನೆಗೆ ಸೇರಬೇಕು, ಅಂದಾಜು ಪಟ್ಟಿ ಆಗಬೇಕು, ಟೆಂಡರ್ ಕರೆಯಬೇಕು. ಅದಕ್ಕೆ ಡಿಸೆಂಬರ್–ಜನವರಿಯಲ್ಲೇ, ಬಜೆಟ್ ಪೂರ್ವಭಾವಿ ಸಭೆಯ ಹೊತ್ತಿಗೆ, ಉದ್ದ-ಅಗಲ ಬರೆದ ಪತ್ರ ಸಿದ್ಧವಿರಲಿ.

ಪ್ರಶ್ನೆ: ಬೆಂಗಳೂರಿನಂತೆ ನಮ್ಮಲ್ಲಿ ವಾರ್ಡ್ ಸಮಿತಿ ಏಕಿಲ್ಲ? ಸಂಘವನ್ನು ನೋಂದಾಯಿಸಲೇಬೇಕೇ?

ಉತ್ತರ: ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ ಸುಮಾರು 1.18 ಲಕ್ಷ. ಹಾಗಾಗಿ ಇಲ್ಲಿ ಬಡಾವಣೆಯ ಸಂಘಗಳ ಮೇಲೇ ಹೆಚ್ಚು ಭಾರ ಬೀಳುತ್ತದೆ. ನಿಮ್ಮ ವಿಷಯವನ್ನು ನಗರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಲು ವಾರ್ಡ್ ಸದಸ್ಯರಿಗೆ ಬರಹದಲ್ಲಿ ಕೊಡಿ, ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಪಡೆಯಿರಿ.

ಮನವಿ ಕೊಡಲು ನೋಂದಣಿ ಬೇಕಿಲ್ಲ. ಹಣ ಸಂಗ್ರಹ, ಬ್ಯಾಂಕ್ ಖಾತೆ, ಉದ್ಯಾನದ ನಿರ್ವಹಣೆ ವಹಿಸಿಕೊಳ್ಳುವ ಒಪ್ಪಂದ ಎಂದಾದರೆ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ ಏಳು ಜನ ಸೇರಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಿಕೊಳ್ಳಬಹುದು. ಸಂಘಗಳು ಎಡವುವುದು ಆಮೇಲೆ. ಪ್ರತಿ ವರ್ಷ ಮಹಾಸಭೆ ನಡೆಸಿ, ಕಾರ್ಯಕಾರಿ ಸಮಿತಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸದೆ ಬಿಟ್ಟರೆ ನಾಲ್ಕಾರು ವರ್ಷದ ಬಾಕಿ ಒಮ್ಮೆಗೇ ದಂಡದೊಂದಿಗೆ ಎದುರಾಗುತ್ತದೆ.

ಪ್ರಶ್ನೆ: ನಮ್ಮ ಅಡ್ಡರಸ್ತೆಗೆ ಪೈಪು ಹಾಕಲು ಅಗೆದು, ಈಗ ಡಾಂಬರು ಹಾಕಲಿದ್ದಾರೆ. ಕೆಲಸ ಸರಿಯಾಗಿದೆಯೇ ಎಂದು ನಾವು ನೋಡುವುದು ಹೇಗೆ?

ಉತ್ತರ: ಕೆಲಸ ಶುರುವಾಗುವ ಮೊದಲೇ ಅಂದಾಜು ಪಟ್ಟಿ ಮತ್ತು ಕಾರ್ಯಾದೇಶದ ಪ್ರತಿ ಕೇಳಿ. ಇವು ಕೈಯಲ್ಲಿಲ್ಲದೆ ‘ಕಳಪೆ’ ಎಂದು ಕೂಗಿದರೆ ಉತ್ತರಿಸಬೇಕಾದ ಅಗತ್ಯ ಯಾರಿಗೂ ಬೀಳುವುದಿಲ್ಲ. ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಆ ಹಕ್ಕು ಪ್ರಜೆಯದಾದ್ದರಿಂದ ಸಂಘದ ಲೆಟರ್‌ಹೆಡ್ಡಿನಲ್ಲಿ ಬೇಡ, ಒಬ್ಬರ ಹೆಸರಿನಲ್ಲಿ ಹಾಕಿ. ‘ಏಕೆ ಮಾಡಿಲ್ಲ’ ಎಂಬ ಪ್ರಶ್ನೆ ಬರೆಯದೆ ದಾಖಲೆಯ ಹೆಸರು ಹೇಳಿ ಕೇಳಿ: ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ. ಕಾಯ್ದೆಯ 2(ಜೆ) ಕಲಮು ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅವಕಾಶ ಕೊಟ್ಟಿದೆ. ಇದನ್ನು ಬಳಸುವವರು ತೀರ ಕಡಿಮೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಸ್ಥಳದಲ್ಲಿ ಮೊದಲು ನೋಡಬೇಕಾದ್ದು ಪೈಪಿನ ಗುಂಡಿ. ಅಗೆದ ಮಣ್ಣನ್ನೆಲ್ಲ ಒಂದೇ ಸಲ ತಳ್ಳಿ ಮೇಲೆ ಜೆಸಿಬಿ ಓಡಿಸಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗುತ್ತದೆ, ಮೊದಲ ಮಳೆಗೇ ಆ ಸಾಲಿನುದ್ದಕ್ಕೂ ಡಾಂಬರು ಕುಸಿಯುತ್ತದೆ. ಸುಮಾರು ಅರ್ಧ ಅಡಿಯ ಪದರ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಪೈಪಿನ ಸೋರಿಕೆ ಪರೀಕ್ಷೆಯೂ ಡಾಂಬರಿಗೆ ಮುಂಚೆಯೇ ಮುಗಿಯಲಿ.

ಡಾಂಬರು ಹಾಕುವ ದಿನ ತಳ ಒಣಗಿರಬೇಕು, ದೂಳು ಗುಡಿಸಿರಬೇಕು, ಹಳೆ ಪದರದ ಮೇಲೆ ತೆಳುವಾಗಿ ಟ್ಯಾಕ್ ಕೋಟ್ (ಪದರಗಳನ್ನು ಅಂಟಿಸುವ ಡಾಂಬರು) ಸಿಂಪಡಿಸಿರಬೇಕು. ಅದನ್ನು ಬಿಟ್ಟರೆ ಹೊಸ ಪದರ ಅಂಟದೆ ಹಾಳೆಯಂತೆ ಏಳುತ್ತದೆ. ದೂರದ ಪ್ಲಾಂಟಿನಿಂದ ಬರುವ ಲಾರಿಗೆ ಟಾರ್ಪಾಲು ಮುಚ್ಚಿರಲಿ. ಮಿಶ್ರಣ ಆರಿದ ಮೇಲೆ ರೋಲರ್ ಎಷ್ಟು ಓಡಿದರೂ ಜಲ್ಲಿ ಕೂರುವುದಿಲ್ಲ. ಅಂದಾಜು ಪಟ್ಟಿಯಲ್ಲಿ ಬರೆದ ದಪ್ಪ ರೋಲರ್ ಓಡಿದ ನಂತರದ್ದು, ಹರಡಿದಾಗ ಅದಕ್ಕಿಂತ ಹೆಚ್ಚೇ ಇರಬೇಕು. ಕಾಂಕ್ರೀಟ್ ರಸ್ತೆಯಾದರೆ ಸುಲಭವಾಗಿ ಹರಡಲೆಂದು ಸ್ಥಳದಲ್ಲಿ ಮಿಶ್ರಣಕ್ಕೆ ನೀರು ಸುರಿಯುವುದನ್ನು ಗಮನಿಸಿ. ಹಾಗೆ ಮಾಡಿದ ರಸ್ತೆಯ ಮೇಲ್ಮೈ ಒಂದೇ ವರ್ಷದಲ್ಲಿ ಪುಡಿಯಾಗುತ್ತದೆ. 15 ಸೆಂ.ಮೀ. ಘನಗಳನ್ನು ಪರೀಕ್ಷೆಗೆ ಅಚ್ಚು ಹಾಕಿದರೇ ನೋಡಿ, ಕನಿಷ್ಠ 14 ದಿನ ನೀರು ಕಟ್ಟುವ ಹೊಣೆ ಯಾರದೆಂದು ಕೇಳಿ.

ತಪ್ಪು ಕಂಡರೆ ಕೂಲಿಯವರೊಂದಿಗೆ ಜಗಳ ಬೇಡ, ಕೆಲಸ ನಿಲ್ಲಿಸಲೂ ಹೋಗಬೇಡಿ. ಅಂದೇ ಫೋಟೊ ಸಮೇತ ಕಿರಿಯ ಎಂಜಿನಿಯರ್‌ಗೆ ಮತ್ತು ಅವರ ಮೇಲಿನವರಿಗೆ ಬರೆಯಿರಿ. ಬಿಲ್ಲು ಪಾವತಿಯಾಗುವ ಮುಂಚೆ ಬಂದ ಆಕ್ಷೇಪಣೆಗೂ ಆಮೇಲೆ ಬಂದದ್ದಕ್ಕೂ ತೂಕವೇ ಬೇರೆ. ಟೆಂಡರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ನಮೂದಾಗಿರುತ್ತದೆ. ಅದರೊಳಗೆ ಕಿತ್ತರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಆ ಅವಧಿ ಮುಗಿಯುವ ತಿಂಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು, ಎರಡು ತಿಂಗಳು ಮೊದಲೇ ರಸ್ತೆಯನ್ನೊಮ್ಮೆ ನಡೆದು ನೋಡಿ.

ಪ್ರಶ್ನೆ: ಖಾಸಗಿ ಬಡಾವಣೆಯ ಪಾರ್ಕಿನ ಜಾಗದಲ್ಲಿ ಶೆಡ್ ಎದ್ದಿದೆ. ಅಲ್ಲೊಂದು ಗುಡಿ ಕಟ್ಟಿದರೆ ಜಾಗ ಉಳಿದೀತು ಎಂದು ಕೆಲವರ ಸಲಹೆ.

ಉತ್ತರ: ದಯವಿಟ್ಟು ಆ ಸಲಹೆಗೆ ಕಿವಿಗೊಡಬೇಡಿ. ಉದ್ಯಾನದ ಜಾಗದಲ್ಲಿ ಯಾರು ಏನು ಕಟ್ಟಿದರೂ ಒತ್ತುವರಿಯೇ. ಸಾರ್ವಜನಿಕ ಜಾಗದಲ್ಲಿ ಅನಧಿಕೃತ ಧಾರ್ಮಿಕ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಮಾಡಿದೆ. ಮಕ್ಕಳ ಆಟದ ಜಾಗ ಹೋದರೆ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಮೊದಲು ಕಾಗದ ಗಟ್ಟಿ ಮಾಡಿಕೊಳ್ಳಿ.

ನಗರಾಭಿವೃದ್ಧಿ ಪ್ರಾಧಿಕಾರದಿಂದ ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ ಪಡೆಯಿರಿ. ಮಾಲೀಕರು ರಸ್ತೆ, ಪಾರ್ಕು ಬಿಟ್ಟುಕೊಟ್ಟ ಪರಿತ್ಯಾಜನ ಪತ್ರ ನೋಂದಣಿಯಾಗಿದೆಯೇ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಡಿ. ಆಗಿಲ್ಲದಿದ್ದರೆ ನಿಮ್ಮ ಮೊದಲ ಮನವಿ ಅದೇ. ಆಗಿದ್ದರೆ ಜಾಗ ನಗರಸಭೆಯ ಆಸ್ತಿ ವಹಿಯಲ್ಲಿದೆಯೇ ಎಂದು ಕೇಳಿ, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯನ್ನು ಉಲ್ಲೇಖಿಸಿ ಅಳತೆ, ಬೇಲಿ, ನಾಮಫಲಕಕ್ಕೆ ಬರೆಯಿರಿ. ಅಳತೆಯ ದಿನ ಸಂಘದವರು ಇಬ್ಬರಾದರೂ ಇದ್ದು, ಮೂಲೆಕಲ್ಲುಗಳ ಫೋಟೊ ತೆಗೆದು, ಸ್ಥಳ ಮಹಜರಿನಲ್ಲಿ ಸಾಕ್ಷಿ ಸಹಿ ಹಾಕಿ. ಜೊತೆಗೆ ಆ ಜಾಗದ ಋಣಭಾರ ಪತ್ರವನ್ನು ಬಡಾವಣೆ ಆದ ವರ್ಷದಿಂದ ಇಂದಿನವರೆಗೆ ತೆಗೆಸಿ. ಪಾರ್ಕನ್ನು ಸೈಟಾಗಿ ಮಾರಿದ ನೋಂದಾಯಿತ ಕ್ರಯಪತ್ರ ಇದ್ದರೆ ಅದರಲ್ಲೇ ಸಿಗುತ್ತದೆ. ಅಂಥದ್ದು ಸಿಕ್ಕ ದಿನವೇ ನಗರಸಭೆ ಮತ್ತು ಪ್ರಾಧಿಕಾರ ಎರಡಕ್ಕೂ ಪ್ರತಿ ಲಗತ್ತಿಸಿ ಬರೆದು, ಆ ಸೈಟಿಗೆ ಖಾತೆ ಮತ್ತು ಕಟ್ಟಡ ಪರವಾನಗಿ ಕೊಡದಂತೆ ಲಿಖಿತ ಆಕ್ಷೇಪಣೆ ದಾಖಲಿಸಿ.