‘ದ್ರೌಪದಿಗೆ ಯಾರಾದ್ರೂ ಕ್ಷಮಿಸು ಅಂದಿದ್ರಾ ಮೇಡಂ?’

(ಗುರುತು ಸಿಗದ ಹಾಗೆ ಊರು, ಕೆಲಸ, ಸಂಬಂಧಗಳ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ ನಲವತ್ತೈದರ ಆಸುಪಾಸು. ಹೈಸ್ಕೂಲ್ ಟೀಚರ್. ಬಿಡುವಾದಾಗ ಮಹಿಳಾ ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ತಂಡದಲ್ಲಿ ಅರ್ಥ ಹೇಳುತ್ತಾರೆ, ಅಂದರೆ ಪಾತ್ರದ ಮಾತಾಡುತ್ತಾರೆ. ನಿದ್ದೆ ಬರುವುದಿಲ್ಲ, ಎದೆ ಉರಿ, ಸಣ್ಣದಕ್ಕೂ ಸಿಟ್ಟು. ಪರೀಕ್ಷೆ ಮಾಡಿದ ಡಾಕ್ಟರು ಏನೂ ತೊಂದರೆ ಕಾಣದೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದ್ದರು.

ನಡೆದದ್ದು ಹಳೆಯ ಸಂಗತಿ. ಮೈದುನನ ಮನೆಯ ಗೃಹಪ್ರವೇಶದ ದಿನ ಅತ್ತೆಯ ಎರಡೆಳೆ ಸರ ಕಾಣೆಯಾಯಿತು. ಮೈದುನ ನಗುತ್ತಲೇ ಬಂದು, ‘ಅತ್ತಿಗೆ, ನಿಮ್ಮ ಬ್ಯಾಗ್ ಒಂದ್ಸಲ ತೋರ್ಸಿ’ ಅಂದ. ಇವರು ಏನು ಅನ್ನುವುದರೊಳಗೆ ಕಿತ್ತುಕೊಂಡು ಜಮಖಾನದ ಮೇಲೆ ಸುರಿದ. ಬಾಚಣಿಗೆ, ಸೇಫ್ಟಿ ಪಿನ್ನಿನ ಗೊಂಚಲು, ಶಾಲೆ ಬೀರುವಿನ ಕೀಲಿಕೈ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ, ಮನೆಯಲ್ಲಿದ್ದ ಮಗನಿಗೆಂದು ಕಟ್ಟಿಕೊಂಡಿದ್ದ ಎರಡು ಹೋಳಿಗೆ. ‘ಹೋಳಿಗೆ ನೋಡಿ ಯಾರೋ ನಕ್ಕರು ಮೇಡಂ. ಸರದ ಮಾತಿಗಿಂತ ಆ ನಗು ಜಾಸ್ತಿ ಚುಚ್ಚಿತು.’

ಗಂಡ ಅಲ್ಲೇ ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದರಂತೆ.

ಸರ ಆಮೇಲೆ ಅತ್ತೆಯ ಟ್ರಂಕಿನಲ್ಲೇ, ಸೀರೆ ಮಡಿಕೆಯೊಳಗೆ ಸಿಕ್ಕಿತು. ‘ಸಿಕ್ತಲ್ಲ, ಬಿಡು’ ಅಂದರು. ಅಷ್ಟೇ.

ಈಗ ಮೈದುನನ ಮಗನ ಮದುವೆ. ವಾರಗಿತ್ತಿ, ನಾದಿನಿ, ಕೊನೆಗೆ ತವರಿನ ಅಮ್ಮನೂ ಸೇರಿ ಒಂದೇ ಮಾತು: ಹೋದದ್ದು ಹೋಯ್ತು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡು. ಇವರ ಮನಸ್ಸಿನಲ್ಲಿ ಬೇರೆಯೇ ಯೋಜನೆ ಇತ್ತು. ಧಾರೆ ಮುಗಿದ ಮೇಲೆ, ಹೆಣ್ಣಿನ ಕಡೆಯವರೆಲ್ಲ ಕೂತಿರುವಾಗ, ಎದ್ದು ನಿಂತು ಇಡೀ ಕಥೆ ಹೇಳುವುದು. ಮಾತು ಸಿದ್ಧವಾಗಿತ್ತು. ನನ್ನ ಕೋಣೆಯಲ್ಲಿ ಒಮ್ಮೆ ಹೇಳಿಯೂ ತೋರಿಸಿದರು. ಎಂಥಾ ಅರ್ಥಗಾರಿಕೆ! ಸ್ವಲ್ಪ ಹೊತ್ತು ನಾನು ಸುಮ್ನೆ ಪ್ರೇಕ್ಷಕಳಾಗಿ ಕೂತಿದ್ದೆ.

ಮುಗಿಸಿ ಕೇಳಿದರು, ‘ಎಲ್ಲರೂ ನನಗೇ ಹೇಳ್ತಾರೆ. ದ್ರೌಪದಿಗೆ ಯಾರಾದ್ರೂ ಕ್ಷಮಿಸು ಅಂದಿದ್ರಾ ಮೇಡಂ?’

ಅಂದಿದ್ದರು. ಅದೂ ಸ್ವಂತ ಗಂಡ.

ತಾಳಮದ್ದಲೆಯಲ್ಲಿ ಅವರು ಹೆಚ್ಚಾಗಿ ಹೇಳಿದ್ದು ‘ಕೃಷ್ಣ ಸಂಧಾನ’ದ ದ್ರೌಪದಿ. ತನ್ನ ಮುಡಿಯನ್ನು ಎಡಗೈಯಲ್ಲಿ ಹಿಡಿದು ಕೃಷ್ಣನೆದುರು ನಿಂತು, ಸಂಧಿಯ ಮಾತಾಡುವಾಗ ಈ ಕೂದಲು ನೆನಪಿರಲಿ ಅನ್ನುವವಳು. ಭೀಮಾರ್ಜುನರಿಗೆ ಯುದ್ಧ ಬೇಡವಾದರೆ ನನ್ನ ಮುದಿ ಅಪ್ಪ ಹೋರಾಡುತ್ತಾನೆ, ಅಭಿಮನ್ಯುವನ್ನು ಮುಂದಿಟ್ಟುಕೊಂಡು ನನ್ನ ಐದು ಮಕ್ಕಳು ಹೋರಾಡುತ್ತಾರೆ ಅನ್ನುವವಳು. ಅದಕ್ಕಿಂತ ಬಹಳ ಮೊದಲು, ವನಪರ್ವದಲ್ಲಿ, ಇದೇ ವಿಷಯಕ್ಕೆ ಆಕೆಗೂ ಧರ್ಮರಾಯನಿಗೂ ದೊಡ್ಡ ವಾದ ನಡೆಯುತ್ತದೆ. ಆತ ಕ್ಷಮೆಯೇ ಧರ್ಮ, ಕ್ಷಮೆಯೇ ಯಜ್ಞ ಅನ್ನುತ್ತಾನೆ. ಆಕೆ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನು ಮುಂದಿಡುತ್ತಾಳೆ: ಯಾವಾಗಲೂ ಸಿಟ್ಟೂ ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೂ ಒಳ್ಳೆಯದಲ್ಲ. ಸದಾ ಕ್ಷಮಿಸುವವನನ್ನು ಮನೆಯ ಆಳುಗಳೂ ಲೆಕ್ಕಕ್ಕೆ ಇಡುವುದಿಲ್ಲ. ಹಿಂದೆ ಉಪಕಾರ ಮಾಡಿದವನ ತಪ್ಪನ್ನು ಕ್ಷಮಿಸಬಹುದು. ತಿಳಿಯದೆ ಮಾಡಿದವನನ್ನು ಕ್ಷಮಿಸಬಹುದು. ಮೊದಲ ತಪ್ಪನ್ನು ಯಾರದ್ದಾದರೂ ಕ್ಷಮಿಸಬಹುದು. ಬೇಕೆಂದೇ ಮಾಡಿ, ಗೊತ್ತಿರಲಿಲ್ಲ ಅನ್ನುವವನನ್ನು ಮಾತ್ರ ಬಿಡಬಾರದು.

ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಟೀಚರ್ ಅಲ್ವಾ.

ಪುರಾಣ ಹೇಳುವುದು ನನ್ನ ಕೆಲಸವಲ್ಲ. ಆದರೆ ಬಂದವರು ಯಾವ ಕಥೆಯೊಳಗೆ ಕೂತು ಯೋಚಿಸುತ್ತಾರೋ, ನಾನೂ ಆ ಕಥೆಯೊಳಗೆ ಹೋಗಬೇಕಾಗುತ್ತದೆ. ಇವರ ದ್ರೌಪದಿ ಒಂದೇ ಭಂಗಿಯಲ್ಲಿ ನಿಂತುಬಿಟ್ಟಿದ್ದಳು. ದುಃಶಾಸನನ ರಕ್ತದಿಂದ ಮುಡಿ ಕಟ್ಟಿಸಿಕೊಳ್ಳುವ, ಪಂಪನ ಭಾರತದ ದ್ರೌಪದಿ. ಹಾಗಾಗಿ ಅವರಿಗೊಂದು ಕೆಲಸ ಕೊಟ್ಟೆ: ದ್ರೌಪದಿ ಯಾರ ವಿಷಯದಲ್ಲಿ ಏನು ನಿರ್ಧಾರ ಮಾಡಿದಳು, ಬರೆದು ತನ್ನಿ.

ಚೆನ್ನಾಗಿಯೇ ಬರೆದು ತಂದರು. ಕೀಚಕ ತುಂಬಿದ ಸಭೆಯಲ್ಲಿ ಒದ್ದಾಗ ಆಕೆ ಕ್ಷಮಿಸಲಿಲ್ಲ. ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿದಳು. ಕಾಡಿನಲ್ಲಿ ಹೊತ್ತೊಯ್ದ ಜಯದ್ರಥನನ್ನು ಮೊದಲು ಕೊಲ್ಲಿ ಎಂದಳು. ಅವನ ಹೆಂಡತಿ, ಕೌರವರ ತಂಗಿ ದುಶ್ಶಲೆಯನ್ನು, ಆಕೆಯ ತಾಯಿ ಗಾಂಧಾರಿಯನ್ನು ನೆನೆದು ಕೊಲ್ಲಬೇಡಿ ಎಂದವನು ಧರ್ಮರಾಯ. ಐದು ಜುಟ್ಟು ಉಳಿಸಿ ತಲೆ ಬೋಳಿಸಿ ಎಳೆತಂದಾಗ, ಗಂಡನ ಮುಖ ನೋಡಿ, ‘ಇನ್ನು ಬಿಡಿ’ ಎಂದವಳು ಆಕೆಯೇ. ಅಶ್ವತ್ಥಾಮ ಮಲಗಿದ್ದ ಐದೂ ಮಕ್ಕಳನ್ನು ಕೊಂದಾಗ ಅನ್ನ ಬಿಟ್ಟು ಕೂತಳು, ಅವನನ್ನು ಕೊಂದು ತಲೆಯಲ್ಲಿರುವ ಮಣಿ ತನ್ನಿ ಎಂದಳು. ಕೊನೆಗೆ ಮಣಿ ಮಾತ್ರ ಬಂದಾಗ, ಋಣ ತೀರಿತು, ಗುರುಪುತ್ರ ನನಗೂ ಗುರುವೇ ಎಂದು ನಿಲ್ಲಿಸಿದಳು. ಭಾಗವತದ ದ್ರೌಪದಿ ಇನ್ನೂ ಮುಂದೆ ಹೋಗುತ್ತಾಳೆ. ಕಟ್ಟಿ ತಂದ ಅಶ್ವತ್ಥಾಮನನ್ನು ನೋಡಿ, ನಾನು ಅತ್ತ ಹಾಗೆ ಇವನ ತಾಯಿ ಅಳುವುದು ಬೇಡ ಅನ್ನುತ್ತಾಳೆ.

ಬರೆದದ್ದನ್ನು ಓದಿ ಮುಗಿಸಿದವರೇ ಜಗಳಕ್ಕೆ ನಿಂತರು. ‘ಜಯದ್ರಥನನ್ನು ಬಿಟ್ಟು ಏನಾಯ್ತು ಮೇಡಂ? ಶಿವನ ಹತ್ತಿರ ವರ ಪಡೆದು ಬಂದ. ಚಕ್ರವ್ಯೂಹದ ಬಾಗಿಲಲ್ಲಿ ನಿಂತ. ಅಭಿಮನ್ಯು ಹೋದ.’

ಮಾತು ಸರಿಯಾಗಿತ್ತು. ಕ್ಷಮಿಸುವುದು ಒಂದು, ಮತ್ತೆ ನಂಬಿ ಮನೆಯೊಳಗೆ ಕರೆದುಕೊಳ್ಳುವುದು ಇನ್ನೊಂದು. ಈಚಿನ ಮನಶ್ಶಾಸ್ತ್ರವೂ ಇವೆರಡನ್ನು ಬೇರೆ ಇಡುತ್ತದೆ. ‘ಸೇಡು ತೀರಿಸುವುದಿಲ್ಲ’ ಅಂತ ನಿರ್ಧಾರ ಮಾಡುವುದು ಬೇರೆ, ಒಳಗಿನ ಉರಿ ಆರುವುದು ಬೇರೆ ಅನ್ನುತ್ತಾರೆ ಕ್ಷಮೆಯ ಮೇಲೆ ಕೆಲಸ ಮಾಡಿದ ಅಮೆರಿಕದ ಎವೆರೆಟ್ ವರ್ದಿಂಗ್ಟನ್. ಮೊದಲನೆಯದು ಒಂದು ದಿನದಲ್ಲಿ ಆಗಬಹುದು, ಎರಡನೆಯದಕ್ಕೆ ವರ್ಷಗಳು ಹಿಡಿಯಬಹುದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವಂತೂ, ತಪ್ಪು ಮಾಡಿದವರು ಸರಿಪಡಿಸುವ ಪ್ರಯತ್ನವನ್ನೇ ಮಾಡದಿದ್ದಾಗ ಕ್ಷಮಿಸುತ್ತಾ ಹೋದವರ ಸ್ವಗೌರವ ಕುಗ್ಗುತ್ತದೆ ಎಂದಿದೆ. ‘ಕ್ಷಮಿಸಿಬಿಡು’ ಅನ್ನುವ ನೆಂಟರಿಗೆ ಇದನ್ನೊಮ್ಮೆ ಓದಿಸಬೇಕು ಅನ್ನಿಸುತ್ತದೆ.

ಆಮೇಲೆ ನಾನು ಕೇಳಿದೆ, ‘ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆ ಯಾರಿಗೆ?’

‘ಸಭೆಗೆ. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಅಂತ.’

‘ದುಃಶಾಸನನಿಗಲ್ಲ.’

ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲ ಸಲ ಗಂಡನ ಬಗ್ಗೆ ಮಾತು ಬಂತು. ಅಲ್ಲಿಯವರೆಗೆ ಮಾತೆಲ್ಲ ಮೈದುನನದ್ದೇ. ಒಳಗೆ ಕೊರೆಯುತ್ತಿದ್ದದ್ದು ಬೇರೆ: ಇವರೂ ನನ್ನನ್ನು ಕಳ್ಳಿ ಅಂದುಕೊಂಡರಾ?

ಮುಂದಿನ ಸಲ ಗಂಡನನ್ನೂ ಕರೆಸಿದೆ. ಮಾತು ಕಡಿಮೆಯ ಮನುಷ್ಯ. ಅವತ್ತು ಏನನ್ನಿಸಿತ್ತು ಅಂತ ಕೇಳಿದೆ. ‘ಅಮ್ಮನ ಸರ ಅಲ್ವಾ, ಹುಡುಕಲಿ ಅಂತ ಸುಮ್ನಿದ್ದೆ. ಇವಳು ತಗೊಂಡಿಲ್ಲ ಅಂತ ನಂಗೆ ಗೊತ್ತಿತ್ತು.’

‘ಗೊತ್ತಿತ್ತಾ?’ ಅಂದರು ಇವರು. ‘ಗೊತ್ತಿದ್ದೂ ಸುಮ್ನಿದ್ರಾ?’

ಅವತ್ತಿನ ಉಳಿದ ಸಮಯವೆಲ್ಲ ಅಳುವಿಗೇ ಹೋಯಿತು. ನಾನು ತಡೆಯಲಿಲ್ಲ. ಗಂಡ ‘ತಪ್ಪಾಯ್ತು’ ಅಂದಾಗ, ‘ಇಲ್ಲಿ ಬೇಡ, ಅಲ್ಲಿ ಹೇಳಿ’ ಅಂದರು.

ಕೊನೆಗೆ ನಾನು ಕೊಟ್ಟ ಸಲಹೆ ಇಷ್ಟು. ಮದುವೆ ಮಂಟಪದ ಭಾಷಣ ಬೇಡ. ಮೈದುನನ ಮರ್ಯಾದೆ ಕಾಪಾಡಲಿಕ್ಕಲ್ಲ. ಆ ಮನೆಗೆ ಬರುವ ಹುಡುಗಿ ಯಾರಿಗೂ ಏನೂ ಮಾಡಿಲ್ಲ, ಮೊದಲ ದಿನವೇ ಆಕೆಯ ತಲೆ ತಗ್ಗಿಸುವುದು ಯಾವ ನ್ಯಾಯ? ಜಯದ್ರಥನ ಪ್ರಸಂಗದಲ್ಲಿ ದುಶ್ಶಲೆಯ ಹೆಸರು ಬರುವುದೂ ಇದಕ್ಕೇ. ಸುಳ್ಳು ಆರೋಪ ಬಂದದ್ದು ಮನೆಯವರೆದುರು, ಅದು ಸುಳ್ಳು ಅನ್ನುವ ಮಾತೂ ಅದೇ ಮನೆಯವರೆದುರು ಬರಬೇಕು. ಹೇಳಬೇಕಾದವರು ಗಂಡ. ಮೈದುನ ಕ್ಷಮೆ ಕೇಳಿದರೆ ಸರಿ. ಕೇಳದಿದ್ದರೆ ಇವರು ಕ್ಷಮಿಸಲೇಬೇಕು ಅಂತ ಇಲ್ಲ. ಸೇಡಿನ ಯೋಜನೆ ಕೈಬಿಟ್ಟರೆ ಸಾಕು. ಕ್ಷಮಿಸಿದರೂ ಮನೆಯ ಬೀಗದ ಕೈ ಅವನಿಗೆ ಕೊಡಬೇಕಾಗಿಲ್ಲ. ದುಡ್ಡು, ಆಸ್ತಿ, ಒಡವೆಯ ವ್ಯವಹಾರ ಏನಿದ್ದರೂ ಕಾಗದದಲ್ಲಿ, ಮೂರನೆಯವರ ಎದುರಿಗೆ. ಮಂಟಪಕ್ಕೆಂದು ಕಟ್ಟಿದ್ದ ಮಾತನ್ನು ತಾಳಮದ್ದಲೆಯಲ್ಲಿ ಹೇಳಿ, ಅಲ್ಲಿ ಅದಕ್ಕೆ ಜಾಗ ಇದೆ ಅಂದೆ. ಅದಕ್ಕೆ ನಕ್ಕರು.

ಮದುವೆಯ ಹಿಂದಿನ ದಿನ ಎಲ್ಲರೂ ಊಟಕ್ಕೆ ಸೇರಿದ್ದಾಗ ಗಂಡ ಎದ್ದು ಹೇಳಿದರಂತೆ. ಎರಡೇ ವಾಕ್ಯ. ಸರ ಅಮ್ಮನ ಟ್ರಂಕಿನಲ್ಲೇ ಇತ್ತು. ಅವತ್ತು ಮಾತಾಡದೆ ಇದ್ದದ್ದು ನನ್ನ ತಪ್ಪು. ಅತ್ತೆ ಅತ್ತರು. ಮೈದುನ ಫೋನ್ ಬಂತೆಂದು ಎದ್ದು ಹೋದ. ವಾಪಸ್ ಬಂದು ಹೋಳಿಗೆಗೆ ತುಪ್ಪ ಬಡಿಸುತ್ತಾ ಇವರ ಎಲೆಯ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಂತ, ಏನೂ ಹೇಳಲಿಲ್ಲ. ‘ಅದನ್ನು ಕ್ಷಮೆ ಅಂತ ನಾನು ತಗೊಳ್ಳಲ್ಲ ಮೇಡಂ’ ಅಂದರು. ತಗೊಳ್ಳಬೇಕಿಲ್ಲ ಅಂದೆ.

ನಿದ್ದೆ ಈಗ ವಾಸಿ. ಎದೆ ಉರಿ ಇನ್ನೂ ಆಗಾಗ ಬರುತ್ತದೆ. ಗಂಡನ ಜೊತೆಗಿನ ಮಾತುಕತೆಗೆ ಇಬ್ಬರೂ ಇನ್ನೂ ಬರುತ್ತಿದ್ದಾರೆ, ಅಲ್ಲಿ ಬಿಡಿಸಬೇಕಾದದ್ದು ಬಹಳ ಇದೆ. ಹೋದ ತಿಂಗಳು ಮೈದುನ ತೋಟದ ಪಾಲಿನ ಪತ್ರಕ್ಕೆ ಸಹಿ ಕೇಳಿಕೊಂಡು ಮನೆಗೆ ಬಂದಿದ್ದ. ಇವರು ಕಾಫಿ ಕೊಟ್ಟು, ಪತ್ರವನ್ನು ವಕೀಲರಿಗೆ ಕಳಿಸಿದರು.