ಗೋಕರ್ಣದಲ್ಲಿ ಮನೆ ಬಾಡಿಗೆಗೆ

ಪ್ರಶ್ನೆ: ಡಿಸೆಂಬರ್ ಕೊನೆಗೆ ಅತ್ತೆ, ಮಕ್ಕಳ ಜೊತೆ ಗೋಕರ್ಣಕ್ಕೆ ಹೊರಟಿದ್ದೇವೆ. ಕುಡ್ಲೆ ಬೀಚ್ ಹತ್ತಿರ ಒಂದು ಮನೆ ಫೋಟೋದಲ್ಲಿ ಇಷ್ಟವಾಯಿತು. ಪೂರ್ತಿ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಪೂರ್ತಿ ಕೊಡಬೇಡಿ. ಸ್ವಲ್ಪ ಮುಂಗಡ ಕೊಟ್ಟು, ಉಳಿದದ್ದು ಕೀಲಿ ಕೈಗೆ ಬಂದ ಮೇಲೆ ಅಂತ ಖಡಾಖಂಡಿತವಾಗಿ ಹೇಳಿ, ಒಪ್ಪದಿದ್ದರೆ ಬೇರೆ ಮನೆ ನೋಡಿ. ಫೋಟೋ ನಂಬಬೇಡಿ, ವಿಡಿಯೋ ಕಾಲ್‌ನಲ್ಲಿ ಗೇಟಿನಿಂದ ಬಚ್ಚಲಮನೆವರೆಗೆ ತೋರಿಸಲು ಹೇಳಿ. ಅದಕ್ಕಿಂತ ಮುಖ್ಯ ಅತ್ತೆಯವರ ಮಂಡಿ. ಕುಡ್ಲೆಗೆ ಗಾಡಿಯನ್ನು ಗುಡ್ಡದ ಮೇಲೆಯೇ ನಿಲ್ಲಿಸಿ, ಕಲ್ಲಿನ ಮೆಟ್ಟಿಲು ಇಳಿದು, ಆಮೇಲೆ ಮರಳಲ್ಲಿ ಕಾಲೆಳೆಯುತ್ತಾ ನಡೆಯಬೇಕು, ಅದೂ ಬ್ಯಾಗು ಹೊತ್ತುಕೊಂಡು! ವಯಸ್ಸಾದವರಿಗೆ ಇದು ಬೇಡವೇ ಬೇಡ. ದೇವಸ್ಥಾನದ ಕಡೆ, ಊರೊಳಗೇ ಮನೆ ಹಿಡಿಯಿರಿ, ದೊಡ್ಡ ಬೀಚೂ ಹತ್ತಿರ. ಬಾವಿ ನೀರು ಉಪ್ಪಾ ಅಂತಲೂ ಕೇಳಿಬಿಡಿ.