ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಕೊಡಿಸಿದರೆ ಅಲ್ಝೈಮರ್ ನಿಲ್ಲುತ್ತದಾ?

ನಿಮ್ಮ ಅಮ್ಮನಿಗೆ ಈಗಷ್ಟೇ ಅಲ್ಝೈಮರ್ ಅಂತ ಗೊತ್ತಾಗಿದೆ, ಒಂದು ಕ್ಲಿನಿಕ್‌ನವರು ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್‌ನಿಂದ ನರಕೋಶ ಉಳಿಯುತ್ತದೆ ಅಂದರು, ಕೊಡಿಸಲಾ ಅಂತ ಕೇಳಿದ್ದೀರಿ. ಈಗ ಬೇಡ. ಈ ಪ್ರಯೋಗಗಳನ್ನು ಬಹಳ ವರ್ಷಗಳಿಂದ ಆಸೆಯಿಂದ ಗಮನಿಸುತ್ತಾ ಬಂದಿದ್ದೇನೆ, ಆ ಆಸೆ ಇನ್ನೂ ಇದೆ, ಆದರೂ ಬೇಡ ಅಂತಲೇ ಹೇಳುತ್ತೇನೆ.

ನರಕೋಶಗಳನ್ನು ಬೆಳೆಸಿ ಉಳಿಸುವ ಪ್ರೋಟೀನ್‌ಗಳೇ ಈ ಗ್ರೋತ್ ಫ್ಯಾಕ್ಟರ್‌ಗಳು, ಅವುಗಳಲ್ಲಿ ಎನ್‌ಜಿಎಫ್ (ನರ್ವ್ ಗ್ರೋತ್ ಫ್ಯಾಕ್ಟರ್) ಅನ್ನೋದು ಒಂದು. ಇದರ ಶೋಧಕ್ಕೆ ರೀಟಾ ಲೆವಿ-ಮೊಂತಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಮೆದುಳಿನ ಮುಂಭಾಗದ ತಳದಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ಸಂದೇಶ ಒಯ್ಯುವ ರಾಸಾಯನಿಕ ತಯಾರಿಸುವ ನರಕೋಶಗಳಿವೆ, ನೆನಪಿಗೂ ಗಮನಕ್ಕೂ ಅವು ಬೇಕು. ಅವುಗಳ ಉದ್ದನೆಯ ತಂತುಗಳು ಮೆದುಳಿನಲ್ಲಿ ನೆನಪು ಮೂಡಿಸುವ ಹಿಪ್ಪೊಕ್ಯಾಂಪಸ್‌ವರೆಗೂ ಚಾಚಿಕೊಂಡು, ಅಲ್ಲಿ ಸಿಗುವ ಎನ್‌ಜಿಎಫ್ ಹಿಡಿದು ವಾಪಸ್ ಕೋಶಕ್ಕೆ ಸಾಗಿಸುತ್ತವೆ. ಅಲ್ಝೈಮರ್‌ನಲ್ಲಿ ಈ ಸಾಗಾಟ ಕೆಡುತ್ತದೆ, ಕೋಶ ಸೊರಗುತ್ತದೆ. (ಡಾಕ್ಟರು ಡೊನೆಪೆಜಿಲ್ ಬರೆದಿದ್ದರೆ, ಅದು ಇದೇ ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ನೋಡಿಕೊಳ್ಳುವ ಮಾತ್ರೆ. ಕೋಶ ಸಾಯುವುದನ್ನು ಅದು ತಡೆಯುವುದಿಲ್ಲ.)

ಹೊರಗಿಂದ ಎನ್‌ಜಿಎಫ್ ಕೊಟ್ಟರೆ ಆಯ್ತಲ್ವಾ ಅಂತ ಅನಿಸುತ್ತದೆ. ಕೊಡುವುದೇ ಕಷ್ಟ. ನುಂಗಿದರೆ ಜೀರ್ಣವಾಗುತ್ತದೆ, ರಕ್ತಕ್ಕೆ ಚುಚ್ಚಿದರೆ ಮೆದುಳಿನೊಳಗೆ ದಾಟುವುದೇ ಇಲ್ಲ ಅನ್ನಬಹುದು. 1990ರ ದಶಕದಲ್ಲಿ ಸ್ವೀಡನ್‌ನಲ್ಲಿ ಮೆದುಳಿನ ಒಳಗಿನ ದ್ರವಕ್ಕೇ ಬಿಟ್ಟು ನೋಡಿದರು, ರೋಗಿಗಳಿಗೆ ಬೆನ್ನುನೋವು ಬಂತು, ತೂಕ ಇಳಿಯಿತು. 2001ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಕ್ ತುಸಿನ್ಸ್ಕಿ ಅವರ ತಂಡ ರೋಗಿಯದೇ ಚರ್ಮದ ಕೋಶಗಳಿಗೆ ಎನ್‌ಜಿಎಫ್ ತಯಾರಿಸುವ ಜೀನ್ ಸೇರಿಸಿ ಮೆದುಳಿನಲ್ಲಿ ಇಟ್ಟಿತು. ಆಮೇಲೆ ನಿರಪಾಯಕಾರಿ ವೈರಸ್ ಮೂಲಕ ಜೀನ್ ತಲುಪಿಸುವ ಪ್ರಯೋಗ 49 ರೋಗಿಗಳ ಮೇಲೆ ನಡೆಯಿತು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಪಾಯ ಆಗಲಿಲ್ಲ, ಆದರೆ ಉಪಯೋಗವೂ ಕಾಣಲಿಲ್ಲ. ನನಗೆ ತುಂಬಾ ಬೇಸರವಾಗಿತ್ತು. ಮುಂದೆ, ತೀರಿಕೊಂಡ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ ಗೊತ್ತಾಗಿದ್ದು, ಎನ್‌ಜಿಎಫ್ ಬೇಕಾದ ಕೋಶಗಳಿಗೆ ತಲುಪಿಯೇ ಇರಲಿಲ್ಲ! ಹಾಗಾಗಿ ಈ ಪ್ರೋಟೀನ್‌ನಿಂದ ಉಪಯೋಗ ಇದೆಯೋ ಇಲ್ಲವೋ ಅನ್ನುವುದು ಆ ಪ್ರಯೋಗದಿಂದ ತೀರ್ಮಾನವೇ ಆಗಲಿಲ್ಲ.

ಈಗ ನನ್ನ ಆಸೆ ಜಾಸ್ತಿ ಇರುವುದು ಬಿಡಿಎನ್‌ಎಫ್ ಅನ್ನೋ ಇನ್ನೊಂದು ಗ್ರೋತ್ ಫ್ಯಾಕ್ಟರ್ ಮೇಲೆ. 2009ರಲ್ಲಿ ಇದೇ ತಂಡ ಇಲಿಗಳಲ್ಲಿ, ಕೋತಿಗಳಲ್ಲಿ ತೋರಿಸಿತು: ನೆನಪಿನ ಹೆಬ್ಬಾಗಿಲಾದ ಎಂಟೋರೈನಲ್ ಕಾರ್ಟೆಕ್ಸ್‌ಗೆ ಇದನ್ನು ತಲುಪಿಸಿದರೆ ಕೋಶಗಳು ಉಳಿಯುತ್ತವೆ, ಕಲಿಕೆ ಸುಧಾರಿಸುತ್ತದೆ. ರೋಗದ ಇಲಿಗಳಲ್ಲಿ ಅಮಿಲಾಯ್ಡ್ (ಅಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಶೇಖರವಾಗುವ ಪ್ರೋಟೀನ್) ಕಡಿಮೆಯಾಗದಿದ್ದರೂ ಹೀಗಾಯಿತು ಅನ್ನೋದು ದೊಡ್ಡ ಮಾತು. ಮನುಷ್ಯರ ಮೇಲಿನ ಪ್ರಯೋಗವನ್ನೂ ಇದೇ ತಂಡ ಶುರುಮಾಡಿತು. ಈ ಸಲ ಜೀನ್ ಎಲ್ಲಿಗೆ ಹೋಗುತ್ತಿದೆ ಅಂತ ಎಂಆರ್‌ಐನಲ್ಲಿ ನೋಡುತ್ತಲೇ ಬಿಡುತ್ತಾರೆ.

ಅಮ್ಮನನ್ನು ದಿನಾ ವಾಕಿಂಗ್ ಕರೆದುಕೊಂಡು ಹೋಗಿ. 2011ರ ಒಂದು ಅಧ್ಯಯನದಲ್ಲಿ ವರ್ಷವಿಡೀ ನಡೆದ ವಯಸ್ಸಾದವರ ಹಿಪ್ಪೊಕ್ಯಾಂಪಸ್ ಸುಮಾರು 2% ಬೆಳೆದಿತ್ತು, ಬಿಡಿಎನ್‌ಎಫ್‌ಗೂ ಅದಕ್ಕೂ ನಂಟು ಕಂಡಿತ್ತು. ಅವರಿಗೆ ಅಲ್ಝೈಮರ್ ಇರಲಿಲ್ಲ, ಅದನ್ನು ಮರೆಯಬೇಡಿ.

ಆ ಕ್ಲಿನಿಕ್‌ನವರು "ಇದು ಟ್ರಯಲ್" ಅಂದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ನಮ್ಮ ದೇಶದಲ್ಲಿ 2009ರಿಂದ ಅದು ಕಡ್ಡಾಯ. ಸಂಖ್ಯೆ ಕೊಡದೆ ದುಡ್ಡು ಕೇಳಿದರೆ ಎದ್ದು ಬನ್ನಿ.